ಕನ್ನಡ ಆ್ಯಪ್ ವಿನ್ಯಾಸ: ಏಜೆನ್ಸಿಯಲ್ಲಿ ನಾವು ಅನುಸರಿಸುವ ಕ್ರಮ

ಏಜೆನ್ಸಿಗೆ ಕೆಲಸ ಕೊಡುವವರು ಬಹುತೇಕ ಸ್ಕ್ರೀನುಗಳ ಪಟ್ಟಿ ಹಿಡಿದೇ ಬರುತ್ತಾರೆ: ಲಾಗಿನ್, ಹೋಮ್, ಪ್ರೊಫೈಲ್. ಮೊದಲ ವಾರ ನಾವು ಆ ಪಟ್ಟಿ ಮುಟ್ಟುವುದಿಲ್ಲ. ಬಳಸುವವರಿಗೆ ಆಗಬೇಕಾದ ಕೆಲಸಗಳನ್ನು ಬರೆದುಕೊಳ್ಳುತ್ತೇವೆ. ಸಾಲದ ಆ್ಯಪ್ ಆದರೆ, 'ಅರ್ಜಿ ಹಾಕುವುದು', 'ಎಷ್ಟು ಕಂತು ಬಾಕಿ ನೋಡುವುದು', ಹೀಗೆ. ಏಳೆಂಟು ದಾಟಿದರೆ, ಕೆಲಸ ಕೊಟ್ಟ ಗ್ರಾಹಕರನ್ನು ಕೂರಿಸಿಕೊಂಡು ಕತ್ತರಿಸುತ್ತೇವೆ.

ಅದೇ ವಾರ ಆರೆಂಟು ಜನರ ಸಂದರ್ಶನ, ತಲಾ 45 ನಿಮಿಷ. 'ಈ ಸೌಲಭ್ಯ ಕೊಟ್ಟರೆ ಬಳಸ್ತೀರಾ?' ಅಂತ ಕೇಳಬಾರದು. ದಾಕ್ಷಿಣ್ಯಕ್ಕೆ ಎಲ್ಲರೂ ಹೂಂ ಅಂತಾರೆ. 'ಹೋದ ತಿಂಗಳ ಕಂತು ಹೇಗೆ ಕಟ್ಟಿದಿರಿ?' ಅಂದರೆ, ಫೋನು ಮಗಳ ಕೈಗೆ ಕೊಟ್ಟದ್ದು ಗೊತ್ತಾಗುತ್ತದೆ. ಆಗ ಒಟಿಪಿ ಯಾರ ಫೋನಿಗೆ ಬರಬೇಕೆನ್ನುವುದೇ ವಿನ್ಯಾಸದ ಪ್ರಶ್ನೆಯಾಗುತ್ತದೆ.

ಹೆಚ್ಚು ಕೆಲಸ ಕೆಡುವುದು ಇಂಗ್ಲಿಷಿನಲ್ಲಿ ಪೂರ್ತಿ ವಿನ್ಯಾಸ ಮಾಡಿ ಕೊನೆಗೆ ಕನ್ನಡ ತುಂಬಿದಾಗ. ಅದಕ್ಕೇ ಫಿಗ್ಮಾದ (ಪರದೆ ವಿನ್ಯಾಸ ಮಾಡುವ ಸಾಫ್ಟ್‌ವೇರ್) ಮೊದಲ ಚೌಕಟ್ಟಿನಲ್ಲೇ ನಿಜವಾದ ಕನ್ನಡ ಪಠ್ಯ ಇಡುತ್ತೇವೆ. ಪ್ರತಿ ಬಟನ್ನಿಗೂ ಮೊದಲು 'ರಾಷ್ಟ್ರ', 'ಸ್ತ್ರೀ', 'ದೃಷ್ಟಿ' ಹಾಕಿ ನೋಡುವುದು ರೂಢಿ. ಒತ್ತಕ್ಷರ ಸಾಲಿನ ಕೆಳಗೆ ಇಳಿಯುವುದರಿಂದ, ಎತ್ತರ ಬಿಗಿಯಾಗಿ ಕಟ್ಟಿದ ಬಟನ್ನಿನಲ್ಲಿ ಅದರ ಬುಡ ಕತ್ತರಿಸಿಹೋಗುತ್ತದೆ. ಇಂಗ್ಲಿಷಿಗೆ ಸಾಲಿನ ಎತ್ತರ ಅಕ್ಷರದ ಗಾತ್ರದ 1.4 ಪಟ್ಟು ಸಾಕಾದಲ್ಲಿ ಕನ್ನಡಕ್ಕೆ 1.7ರಿಂದ ಶುರು ಮಾಡುತ್ತೇವೆ. ಅಕ್ಷರಗಳ ನಡುವಿನ ಹೆಚ್ಚುವರಿ ಅಂತರ ಸೊನ್ನೆಯಲ್ಲೇ ಇರಲಿ. ದೊಡ್ಡಕ್ಷರ (ಇಂಗ್ಲಿಷಿನ ಕ್ಯಾಪಿಟಲ್) ಎಂಬುದು ನಮ್ಮ ಲಿಪಿಯಲ್ಲಿಲ್ಲ. ಪದ ಎದ್ದು ಕಾಣಲು ಅದರಿಂದ ಬರುತ್ತಿದ್ದ ಒತ್ತನ್ನು ಗಾತ್ರದಿಂದಲೋ ದಪ್ಪದಿಂದಲೋ ತರಬೇಕು.

ಅಕ್ಷರಮಿತಿಯೂ ಇಲ್ಲೇ ಕೈಕೊಡುತ್ತದೆ. 'ಸ್ತ್ರೀ' ನಮಗೆ ಒಂದಕ್ಷರ, ಕಂಪ್ಯೂಟರಿನ ಅಕ್ಷರ ಸಂಕೇತ ಪದ್ಧತಿಯಾದ ಯೂನಿಕೋಡಿಗೆ ಆರು ಸಂಕೇತ. ಹೆಸರಿನ ಖಾನೆಗೆ 20ರ ಮಿತಿ ಹಾಕಿದ ಡೆವಲಪರ್ ಇದನ್ನು ಲೆಕ್ಕ ಹಿಡಿದಿರುವುದಿಲ್ಲ. ಎಸ್ಸೆಮ್ಮೆಸ್ಸೂ ಹಾಗೇ: ಇಂಗ್ಲಿಷಿನಲ್ಲಿ 160 ಹಿಡಿಸಿದರೆ ಕನ್ನಡದಲ್ಲಿ 70. ದಾಟಿದರೆ ಅದು 67ರ ತುಂಡುಗಳಾಗಿ ಹೋಗುತ್ತದೆ, ಖರ್ಚು ತುಂಡಿನ ಲೆಕ್ಕದಲ್ಲಿ ಏರುತ್ತದೆ. ಆದ್ದರಿಂದ ಒಟಿಪಿ ಸಂದೇಶದ ಒಕ್ಕಣೆಯನ್ನೂ ವಿನ್ಯಾಸಕರೇ ಬರೆಯುವುದು ವಾಸಿ.

ಆಮೇಲೆ, ಬಟನ್ ಒತ್ತಿದರೆ ಮುಂದಿನ ಪರದೆಗೆ ಹೋಗುವ ಮಾದರಿ ಮಾಡಿ ಐದು ಜನರ ಕೈಗೆ ಕೊಡುತ್ತೇವೆ. ಐದೇ ಯಾಕೆ? ಬಳಕೆಯ ಸುಲಭತೆಯ ಸಂಶೋಧಕರಾದ ನೀಲ್ಸನ್ ಮತ್ತು ಲ್ಯಾಂಡೌರ್ 1993ರಲ್ಲಿ ಕೊಟ್ಟ ಲೆಕ್ಕದಲ್ಲಿ, ಒಬ್ಬರಿಂದ ಸರಾಸರಿ ಶೇ. 31ರಷ್ಟು ತೊಂದರೆಗಳು ಕಂಡರೆ ಐವರಿಂದ ಶೇ. 85ರ ಹತ್ತಿರ ಸಿಗುತ್ತವೆ. ಆದರೆ ಆ 31 ಎಲ್ಲ ಕಡೆಗೂ ಒಂದೇ ಅಲ್ಲ. ಅದು 15 ಆದರೆ ಐವರಿಂದ ಸಿಗುವುದು ಶೇ. 56 ಮಾತ್ರ. ಹಾಗಾಗಿ ಒಂದೇ ಸಲ ಹತ್ತು ಜನರನ್ನು ಕರೆಯುವ ಬದಲು ಐವರು, ತಿದ್ದುಪಡಿ, ಮತ್ತೆ ಐವರು. ಗ್ರಾಹಕರು ದುಡ್ಡು ಉಳಿಸಲು ಮೊದಲು ಕೈ ಹಾಕುವುದು ಈ ಎರಡನೇ ಸುತ್ತಿಗೆ. ನಾವು ಬಿಡುವುದಿಲ್ಲ, ಯಾಕೆಂದರೆ ತಿದ್ದಿದ ಜಾಗದಲ್ಲೇ ಹೊಸ ತೊಡಕು ಹುಟ್ಟಿರುತ್ತದೆ.

ಈ ಐವರಿಗೆ ಕೆಲಸ ಹೇಳುವಾಗ ಬಟನ್ನಿನ ಮೇಲಿರುವ ಪದ ನಮ್ಮ ಬಾಯಲ್ಲಿ ಬರಬಾರದು. 'ಅರ್ಜಿ ಸಲ್ಲಿಸಿ' ಅಂದರೆ ಅವರು ಆ ಪದವನ್ನೇ ಹುಡುಕುತ್ತಾರೆ. 'ಹಸು ತಗೊಳ್ಳೋಕೆ ಐವತ್ತು ಸಾವಿರ ಬೇಕು, ಏನು ಮಾಡ್ತೀರಿ?' ಅನ್ನಬೇಕು. 'ಪರೀಕ್ಷೆ' ಅನ್ನುವ ಮಾತು ಎತ್ತಿದರೆ ಜನ ಹೆದರುತ್ತಾರೆ. ನೋಡುತ್ತಿರುವುದು ಆ್ಯಪನ್ನು, ನಿಮ್ಮನ್ನಲ್ಲ ಅಂತ ಮೊದಲೇ ಹೇಳಬೇಕು. ಅವರು ತಡಕಾಡುವಾಗ ಬಾಯಿ ಮುಚ್ಚಿಕೊಂಡಿರುವುದೇ ಕಷ್ಟದ ಕೆಲಸ. ಗ್ರಾಹಕರ ಕಡೆಯವರು ನೋಡಲು ಬಂದರೆ ಬೇರೆ ಕೋಣೆಯಲ್ಲಿ ಕೂರಿಸುತ್ತೇವೆ, ಇಲ್ಲದಿದ್ದರೆ 'ಅಲ್ಲೇ ಮೇಲಿದೆಯಲ್ಲ' ಅಂತ ತೋರಿಸಿಬಿಡುತ್ತಾರೆ.

ಡೆವಲಪರುಗಳಿಗೆ ಒಪ್ಪಿಸುವಾಗ ಖಾಲಿ ಪರದೆ, ನೆಟ್‌ವರ್ಕ್ ಹೋದಾಗಿನ ಪರದೆ, ತಪ್ಪು ಸಂದೇಶ ಮೂರೂ ಇರಬೇಕು. ಇವು ಬಿಟ್ಟುಹೋದರೆ 'ಅಮಾನ್ಯ ನಮೂದು' ಎಂಬಂಥ ಸಾಲನ್ನು ಡೆವಲಪರೇ ತುಂಬಿಕೊಳ್ಳುತ್ತಾರೆ. ನಾವು ಕೊಡುವ ಸಾಲು: 'ಮೊಬೈಲ್ ನಂಬರ್‌ನಲ್ಲಿ 10 ಅಂಕಿ ಇರಬೇಕು, ಒಂದು ಕಡಿಮೆ ಇದೆ'.