ಸಿಗ್ನಲ್‌ನಲ್ಲಿ ಕೈಕೊಡುವ ಜಿಪ್ಸಿ: ಐಡ್ಲಿಂಗ್ ಹದ ಮಾಡುವುದು ಹೇಗೆ?

ಚಿಕ್ಕಮಗಳೂರಿನ ಕಾಫಿ ತೋಟದ ಮಣ್ಣು ರಸ್ತೆಯಲ್ಲಿ ನನ್ನ ಮಾರುತಿ ಜಿಪ್ಸಿ ಚಿನ್ನದಂಥ ಗಾಡಿ. ಅದೇ ಗಾಡಿ ಬೆಂಗಳೂರಿಗೆ ವಾಪಸಾಗಿ ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಐಡ್ಲಿಂಗ್‌ನಲ್ಲಿದ್ದಾಗ, ಅಂದರೆ ಪೆಡಲ್ ಒತ್ತದೆ ಎಂಜಿನ್ ತನ್ನಷ್ಟಕ್ಕೆ ಓಡುತ್ತಿದ್ದಾಗ, ಮೂರು ಸಲ ಆಫ್ ಆಯಿತು. ಹಿಂದಿನವರ ಹಾರನ್ ಬಗ್ಗೆ ಹೇಳಬೇಕಿಲ್ಲ ಅಲ್ವಾ? ಕ್ಯಾಮ್ (ಎಂಜಿನ್ ವಾಲ್ವ್‌ಗಳನ್ನು ತೆರೆದು ಮುಚ್ಚುವ ಶಾಫ್ಟ್) ಬದಲಾಯಿಸಿಕೊಟ್ಟ ಮೆಕ್ಯಾನಿಕ್‌ಗೆ ಫೋನ್ ಮಾಡಿದೆ. ‘ರ‍್ಯಾಲಿ ಕ್ಯಾಮ್ ಅಂದ್ರೆ ಹಂಗೇ ಸಾರ್, ರೇಸ್ ಕೊಡ್ತಾ ಇರಿ’ ಅಂದರು. ಅವರ ಮಾತು ಅರ್ಧ ನಿಜ. ಇನ್ನರ್ಧಕ್ಕೆ ನಾನು ಕೆಲವು ವಾರ ಲ್ಯಾಪ್‌ಟಾಪ್ ಹಿಡಿದು ಕೂರಬೇಕಾಯಿತು.

ನನ್ನದು 1298 ಸಿಸಿಯ 16 ವಾಲ್ವ್ ಎಂಜಿನ್. ರ‍್ಯಾಲಿ ಕ್ಯಾಮ್, ಗಾಳಿ ಒಳಬಿಡುವ ದೊಡ್ಡ ಥ್ರಾಟಲ್ ಬಾಡಿ, ನಾವೇ ಟ್ಯೂನ್ ಮಾಡಬಹುದಾದ ಇಸಿಯು (ಎಂಜಿನ್ನಿನ ಕಂಪ್ಯೂಟರ್) ಹಾಕಿಸಿದ್ದೆ. ಬೇರೆ ಪೆಟ್ರೋಲ್ ಎಂಜಿನ್ ಆದರೂ ಕೆಲಸದ ಕ್ರಮ ಇದೇ.

ನಡುಕ ಯಾಕೆ ಬರುತ್ತದೆ?

ಇನ್‌ಟೇಕ್ ವಾಲ್ವ್ ತೆರೆಯಲು ಶುರುವಾದಾಗ ಎಕ್ಸಾಸ್ಟ್ ವಾಲ್ವ್ ಇನ್ನೂ ಪೂರ್ತಿ ಮುಚ್ಚಿರುವುದಿಲ್ಲ. ಎರಡೂ ಒಟ್ಟಿಗೆ ತೆರೆದಿರುವ ಈ ಹೊತ್ತನ್ನು ಓವರ್‌ಲ್ಯಾಪ್ ಎನ್ನುತ್ತಾರೆ. ರ‍್ಯಾಲಿ ಕ್ಯಾಮ್‌ನಲ್ಲಿ ಇದು ಜಾಸ್ತಿ. 6000 ಆರ್‌ಪಿಎಂನಲ್ಲಿ ಇದರಿಂದ ಲಾಭವೇ. ಆದರೆ 900ರಲ್ಲಿ ಸುಟ್ಟ ಗ್ಯಾಸ್ ಹಿಂದಕ್ಕೆ ನುಗ್ಗಿ ಹೊಸ ಗಾಳಿಯ ಜೊತೆ ಸೇರಿಕೊಳ್ಳುತ್ತದೆ. ಒಂದು ಸಲ ಕಿಡಿ ಹತ್ತುತ್ತದೆ, ಇನ್ನೊಂದು ಸಲ ಹತ್ತುವುದಿಲ್ಲ. ನಮ್ಮ ಗ್ಯಾರೇಜ್ ಭಾಷೆಯಲ್ಲಿ ಮಿಸ್ಸಿಂಗ್.

ಶುರು ಮಾಡುವ ಮುನ್ನ ಎರಡು ಮಾತು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್, ಕಂಪನಿ ಕೊಟ್ಟ ಮೂಲ ವಿವರ ಬದಲಾಗುವಂತೆ ಗಾಡಿಯನ್ನು ಮಾರ್ಪಡಿಸುವುದನ್ನು ತಡೆಯುತ್ತದೆ. ಹಾಗಾಗಿ ರಸ್ತೆಗಿಳಿಸುವ ಗಾಡಿಯಾದರೆ ಮೊದಲು ಆರ್‌ಟಿಒದಲ್ಲಿ ವಿಚಾರಿಸಿ. ಇನ್ನೊಂದು, ಬಾಗಿಲು ಮುಚ್ಚಿದ ಶೆಡ್ಡಿನಲ್ಲಿ ಎಂಜಿನ್ ಓಡಿಸಬೇಡಿ. ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆ ಇಲ್ಲ. ತಲೆ ಸುತ್ತಿದಾಗ ಎದ್ದು ಹೊರಗೆ ಬರುವಷ್ಟು ಶಕ್ತಿ ಇರುತ್ತದೆ ಎಂಬ ಖಾತ್ರಿಯೂ ಇಲ್ಲ.

ಮೊದಲು ಸ್ಪ್ಯಾನರ್, ಆಮೇಲೆ ಲ್ಯಾಪ್‌ಟಾಪ್

ಪ್ಲಗ್, ಟ್ಯಾಪೆಟ್ ಗ್ಯಾಪ್, ಕಂಪ್ರೆಷನ್, ಪೆಟ್ರೋಲ್ ಪ್ರೆಶರ್ ನೋಡಿ. ಇನ್‌ಟೇಕ್ ಮ್ಯಾನಿಫೋಲ್ಡ್ ಗ್ಯಾಸ್ಕೆಟ್ ಸುತ್ತ ಸೋಪಿನ ನೀರು ಚಿಮುಕಿಸಿ. ಎಂಜಿನ್ ಸದ್ದು ಬದಲಾದರೆ ಅಲ್ಲಿ ಏರ್ ಲೀಕ್ ಇದೆ. ಕೆಲವರು ಕಾರ್ಬುರೇಟರ್ ಕ್ಲೀನರ್ ಹೊಡೆಯುತ್ತಾರೆ. ಬಿಸಿ ಎಕ್ಸಾಸ್ಟ್ ಪಕ್ಕದಲ್ಲಿ ಆ ಧೈರ್ಯ ನನಗಿಲ್ಲ.

ಟೈಮಿಂಗ್, ಅಂದರೆ ಕಿಡಿ ಹಾರುವ ಹೊತ್ತು, ನೋಡಲು ಟೈಮಿಂಗ್ ಲೈಟ್ ಹಿಡಿಯುವುದನ್ನು ಯಾರೂ ಬಿಡಬಾರದು. ಪರದೆಯ ಮೇಲೆ 15 ಡಿಗ್ರಿ ಎಂದಿದ್ದರೆ ಪುಲ್ಲಿಯ ಗುರುತೂ 15 ತೋರಿಸಬೇಕು. ಇಲ್ಲದಿದ್ದರೆ ಮುಂದೆ ಮಾಡಿದ್ದೆಲ್ಲ ನೀರಲ್ಲಿ ಹೋಮ. ಪೆಡಲ್ ಪೂರ್ತಿ ಬಿಟ್ಟಾಗ ಥ್ರಾಟಲ್ ಸೆನ್ಸರ್ 0, ಪೂರ್ತಿ ಒತ್ತಿದಾಗ 100 ತೋರಿಸುವಂತೆ ಹೊಂದಿಸಿ.

ಇನ್‌ಟೇಕ್ ಮ್ಯಾನಿಫೋಲ್ಡಿನ ಒಳಗಿನ ಗಾಳಿಯ ಒತ್ತಡ ಅಳೆಯುವ ಮ್ಯಾಪ್ ಸೆನ್ಸರ್ ಸರಿ ಇದೆಯೇ ಎಂದು ನೋಡಲು ಸುಲಭ ದಾರಿ ಇದೆ. ಎಂಜಿನ್ ಸ್ಟಾರ್ಟ್ ಮಾಡದೆ ಕೀ ಮಾತ್ರ ಆನ್ ಮಾಡಿ. ಮಂಗಳೂರಿನಲ್ಲಿದ್ದರೆ ಸುಮಾರು 101 ಕಿಲೋಪಾಸ್ಕಲ್ ತೋರಿಸಬೇಕು. ಸಮುದ್ರಮಟ್ಟದಿಂದ 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಅದು ಸುಮಾರು 91. ಇಲ್ಲಿ ಹೊರಗಿನ ಗಾಳಿಯೇ ತೆಳು. ವ್ಯಾಕ್ಯೂಮ್ ಗೇಜ್ ಬಳಸುವವರು ಕರಾವಳಿಯವರ ಲೆಕ್ಕ ಇಟ್ಟುಕೊಂಡು ‘ನನ್ನ ಎಂಜಿನ್ ಹೋಯ್ತು’ ಎಂದು ಗಾಬರಿಯಾಗುವುದು ಇದಕ್ಕೇ.

ಎಲ್ಲ ಸಹಾಯ ಬಂದ್

ಈಗ ಇಸಿಯುನಲ್ಲಿ ಐಡ್ಲಿಂಗ್‌ಗೆ ಬೇಕಾದ ಗಾಳಿ ಬಿಡುವ ಐಡಲ್ ವಾಲ್ವಿನ ನಿಯಂತ್ರಣ, ಆಕ್ಸಿಜನ್ ಸೆನ್ಸರಿನ ತಿದ್ದುಪಡಿ, ಕಾಲು ತೆಗೆದಾಗ ಪೆಟ್ರೋಲ್ ನಿಲ್ಲಿಸುವ ಫ್ಯೂಯಲ್ ಕಟ್, ಮೂರನ್ನೂ ಆಫ್ ಮಾಡಿ. ಬಹಳ ಜನ ತಪ್ಪುವುದು ಇಲ್ಲೇ. ಐಡಲ್ ವಾಲ್ವ್ ಆನ್ ಇಟ್ಟುಕೊಂಡೇ ಟ್ಯೂನ್ ಮಾಡುತ್ತಾರೆ. ಅದು ಒಳಗಿನ ತಪ್ಪನ್ನೆಲ್ಲ ಮುಚ್ಚಿಡುತ್ತದೆ, ಸಿಗ್ನಲ್‌ನಲ್ಲಿ ಮಾತ್ರ ಗುಟ್ಟು ರಟ್ಟು ಮಾಡುತ್ತದೆ.

ಎಂಜಿನ್ 80-90 ಡಿಗ್ರಿ ಬಿಸಿಯಾಗಲಿ. ಟೈಮಿಂಗ್ 15ಕ್ಕೆ ಲಾಕ್ ಮಾಡಿ. ಥ್ರಾಟಲ್ ಸ್ಟಾಪ್ ಸ್ಕ್ರೂ ತಿರುಗಿಸಿ 1050 ಆರ್‌ಪಿಎಂ ಆಸುಪಾಸಿಗೆ ನಿಲ್ಲಿಸಿ. ಸ್ಕ್ರೂ ಮುಟ್ಟಿದ ಮೇಲೆ ಥ್ರಾಟಲ್ ಸೆನ್ಸರಿನ ಸೊನ್ನೆಯನ್ನು ಮತ್ತೆ ಹೊಂದಿಸಬೇಕು. 800ಕ್ಕೇ ಇಳಿಸುತ್ತೇನೆ ಎಂಬ ಹಠ ಬೇಡ. ರ‍್ಯಾಲಿ ಕ್ಯಾಮ್ ಅದನ್ನು ಒಪ್ಪುವುದಿಲ್ಲ.

ಮೀಟರ್ ಸುಳ್ಳು ಹೇಳುತ್ತದೆ

ನಾನು ಹೆಚ್ಚು ದಿನ ಒದ್ದಾಡಿದ್ದು ಈ ಹಂತದಲ್ಲಿ. ಎಕ್ಸಾಸ್ಟ್‌ನ ಸೆನ್ಸರ್ ನೋಡಿ ಮಿಶ್ರಣ ತೋರಿಸುವ ವೈಡ್‌ಬ್ಯಾಂಡ್ ಮೀಟರ್ ‘ಲೀನ್’ ಅಂದಿತು. ಅಂದರೆ ಪೆಟ್ರೋಲ್ ಕಮ್ಮಿ. ಹಾಕಿದೆ. ಮತ್ತೆ ಲೀನ್ ಅಂದಿತು. ಮತ್ತಷ್ಟು ಹಾಕಿದೆ. ಕೊನೆಗೆ ಪ್ಲಗ್ ಬಿಚ್ಚಿದರೆ ಕಾಡಿಗೆಯಂತೆ ಕಪ್ಪು.

ಆಗಿದ್ದೇನು? ಆ ಸೆನ್ಸರ್ ಅಳೆಯುವುದು ಪೆಟ್ರೋಲನ್ನಲ್ಲ, ಹೊಗೆಯಲ್ಲಿ ಉಳಿದ ಆಮ್ಲಜನಕವನ್ನು. ಕಿಡಿ ಹತ್ತದೆ ಮಿಸ್ ಆದ ಸಿಲಿಂಡರಿನ ಗಾಳಿ ಸುಡದೆ ಹಾಗೇ ಹೊರಗೆ ಬರುತ್ತದೆ. ಮೀಟರ್ ಅದನ್ನೇ ನೋಡಿ ಲೀನ್ ಎನ್ನುತ್ತದೆ. ಎಕ್ಸಾಸ್ಟ್ ಪೈಪಿನಲ್ಲಿ ಸಣ್ಣ ಲೀಕ್ ಇದ್ದರೂ ಇದೇ ಕಥೆ.

ಹಾಗಾಗಿ ಐಡ್ಲಿಂಗ್‌ನಲ್ಲಿ ಎಂಜಿನ್ನನ್ನೇ ಕೇಳಬೇಕು. ಮ್ಯಾಪ್ ಸೆನ್ಸರಿನ ಅಂಕಿ ನೋಡುತ್ತಾ ಪೆಟ್ರೋಲನ್ನು ಒಂದೊಂದು ಸಲಕ್ಕೆ 2-3% ಕಮ್ಮಿ ಮಾಡಿ. ಪ್ರತಿ ಸಲ ಹತ್ತು ಸೆಕೆಂಡ್ ಕಾಯಿರಿ. ಆರ್‌ಪಿಎಂ ಬೀಳಲು ಶುರುವಾದ ಜಾಗ ಬರೆದಿಟ್ಟುಕೊಳ್ಳಿ. ಈಗ ಉಲ್ಟಾ ಬನ್ನಿ, ಜಾಸ್ತಿ ಮಾಡುತ್ತಾ ಹೋಗಿ. ಮತ್ತೆ ಬೀಳುವ ಜಾಗ ಸಿಗುತ್ತದೆ. ಇವೆರಡರ ನಡುವೆ ಮ್ಯಾಪ್ ಅಂಕಿ ಎಲ್ಲಿ ಅತಿ ಕಮ್ಮಿಯೋ ಅದೇ ನಿಮ್ಮ ಹದ. ಕಂಪನಿ ಕ್ಯಾಮ್‌ನಲ್ಲಿ ಈ ಅಂಕಿ 30-40ರಲ್ಲಿ ನಿಲ್ಲಬಹುದು. ರ‍್ಯಾಲಿ ಕ್ಯಾಮ್‌ಗೆ 50 ದಾಟಿದರೂ ಬೇಸರ ಬೇಡ.

ಮೀಟರ್ ನೋಡಲೇಬೇಕು ಎಂದರೆ ಒಂದು ಪಾಲು ಪೆಟ್ರೋಲಿಗೆ 14.7 ಪಾಲು ಗಾಳಿ ಎಂಬ ಹಳೆ ಲೆಕ್ಕ ಬಿಟ್ಟು ಲ್ಯಾಂಬ್ಡಾದಲ್ಲಿ ನೋಡಿ (1 ಅಂದರೆ ಇಂಧನಕ್ಕೆ ಸರಿಯಾದಷ್ಟು ಗಾಳಿ, ಅದಕ್ಕಿಂತ ಕಮ್ಮಿ ಅಂದರೆ ಪೆಟ್ರೋಲ್ ಜಾಸ್ತಿ). 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲೇ ಇ20 ಪೆಟ್ರೋಲಿಗೆ ಚಾಲನೆ ಸಿಕ್ಕಿತು. 20% ಎಥೆನಾಲ್ ಬೆರೆತ ಮೇಲೆ ಅದೇ ಗಾಳಿಗೆ ಪೆಟ್ರೋಲ್ ಜಾಸ್ತಿ ಬೇಕು. ಲ್ಯಾಂಬ್ಡಾ ಲೆಕ್ಕದಲ್ಲಿ ಈ ತಲೆನೋವಿಲ್ಲ. ನನ್ನ ಗಾಡಿ 0.93ರಲ್ಲಿ ನೆಮ್ಮದಿಯಾಗಿದೆ.

ಹದ ಸಿಕ್ಕ ಮೇಲೆ ಇಸಿಯುನ ಟೇಬಲ್ಲಿನಲ್ಲಿ (ಆರ್‌ಪಿಎಂ, ಲೋಡ್‌ಗೆ ತಕ್ಕಂತೆ ಪೆಟ್ರೋಲಿನ ಅಂಕಿ ಇರುವ ಕೋಷ್ಟಕ) ಅಕ್ಕಪಕ್ಕದ ಚೌಕಗಳಿಗೂ ಹೆಚ್ಚುಕಮ್ಮಿ ಅದೇ ಅಂಕಿ ಕೊಡಿ. ಒಂದು ಚೌಕದಲ್ಲಿ ಗುಡ್ಡ, ಪಕ್ಕದಲ್ಲಿ ಗುಂಡಿ ಇದ್ದರೆ ಆರ್‌ಪಿಎಂ ಏರಿಳಿಯುತ್ತಲೇ ಇರುತ್ತದೆ. ಹಂಟಿಂಗ್ ಎನ್ನುವುದು ಇದನ್ನೇ.

ಇಳಿಜಾರಿನ ಟೈಮಿಂಗ್

ಟೈಮಿಂಗ್ ಲಾಕ್ ತೆಗೆಯಿರಿ. 1050ರಲ್ಲಿ 15 ಡಿಗ್ರಿ ಇದ್ದರೆ 850ರಲ್ಲಿ 20, 1250ರಲ್ಲಿ 10 ಕೊಡಿ. ಆರ್‌ಪಿಎಂ ಬಿದ್ದರೆ ಟೈಮಿಂಗ್ ಮುಂದಕ್ಕೆ ಹೋಗಿ ಎಂಜಿನ್ನನ್ನು ಎತ್ತುತ್ತದೆ, ಏರಿದರೆ ಹಿಂದೆ ಬಂದು ಇಳಿಸುತ್ತದೆ. ಮುಂದಿನ ಕಿಡಿಯಲ್ಲೇ ಪರಿಣಾಮ ಕಾಣುತ್ತದೆ. ಐಡಲ್ ವಾಲ್ವ್ ಗಾಳಿ ಬಿಟ್ಟು ಅದು ಸಿಲಿಂಡರಿಗೆ ತಲುಪುವಷ್ಟರಲ್ಲಿ ತಡವಾಗಿರುತ್ತದೆ.

ಇಷ್ಟಾದ ಮೇಲೆ ಐಡಲ್ ವಾಲ್ವನ್ನು ಆನ್ ಮಾಡಿ. ಹೆಡ್‌ಲೈಟ್, ರೇಡಿಯೇಟರ್ ಫ್ಯಾನ್, ಎಸಿ ಇದ್ದರೆ ಎಸಿ, ಒಂದೊಂದನ್ನೇ ಹಾಕಿ ನೋಡಿ. ಎಲ್ಲಿ ಕುಗ್ಗುತ್ತದೋ ಅಲ್ಲಿಗೆ ಸ್ವಲ್ಪ ಗಾಳಿ ಸೇರಿಸಿ. ಕಾಲು ತೆಗೆದ ತಕ್ಷಣ ವಾಲ್ವ್ ಪಟ್ ಅಂತ ಮುಚ್ಚದೆ ಒಂದು ಸೆಕೆಂಡ್ ನಿಧಾನಿಸಲಿ. ಸಿಗ್ನಲ್‌ಗೆ ಬಂದು ಕ್ಲಚ್ ಒತ್ತಿದಾಗ ಆಫ್ ಆಗುತ್ತಿದ್ದ ನನ್ನ ಗಾಡಿಗೆ ಇದೇ ಮದ್ದಾಯಿತು.

ಸೆಕೆಂಡ್ ಗೇರಿನ ಕುಪ್ಪಳಿಸಾಟ

ಟ್ರಾಫಿಕ್ಕಿನಲ್ಲಿ ಸೆಕೆಂಡ್ ಗೇರ್, 1500 ಆರ್‌ಪಿಎಂ, ಪೆಡಲ್ ಮೇಲೆ ಕಾಲು ಇಟ್ಟೂ ಇಡದಂತೆ. ಗಾಡಿ ಕಪ್ಪೆಯಂತೆ ಕುಪ್ಪಳಿಸುತ್ತದೆ. ಮೊದಲು ಎಂಜಿನ್ ಮೌಂಟ್ ನೋಡಿ. ಅದು ಸರಿ ಇದ್ದರೆ 1200ರಿಂದ 2000ದವರೆಗಿನ ಕಮ್ಮಿ ಲೋಡಿನ ಚೌಕಗಳಲ್ಲಿ ಟೈಮಿಂಗ್ 3-4 ಡಿಗ್ರಿ ಇಳಿಸಿ, ಪೆಟ್ರೋಲ್ ಒಂದು ಚೂರು ಏರಿಸಿ. ಫ್ಯೂಯಲ್ ಕಟ್ ಈಗ ಆನ್ ಮಾಡಿ. ಆದರೆ ಅದು 2000ಕ್ಕಿಂತ ಮೇಲೆ ಮಾತ್ರ, ಅದೂ ಅರ್ಧ ಸೆಕೆಂಡ್ ತಡವಾಗಿ ಕೆಲಸ ಮಾಡಲಿ.

ಪೆಡಲ್ ಒತ್ತಿದ ಕ್ಷಣ ಗಾಡಿ ಮುಗ್ಗರಿಸಿದರೆ ಎಲ್ಲರೂ ಆಕ್ಸಿಲರೇಷನ್ ಪೆಟ್ರೋಲ್ (ಪೆಡಲ್ ಒತ್ತಿದಾಗ ಕೊಡುವ ಹೆಚ್ಚುವರಿ ಪೆಟ್ರೋಲ್) ಏರಿಸುತ್ತಾರೆ. ಅದು ಕೊನೆಯ ಕೆಲಸ. ಟೇಬಲ್ ಸರಿ ಇದ್ದರೆ ಬಹಳ ಸ್ವಲ್ಪ ಸಾಕಾಗುತ್ತದೆ.

ಇನ್ನು ದೊಡ್ಡ ಥ್ರಾಟಲ್ ಬಾಡಿ. ಪೆಡಲ್ ಒಂದು ಬೆರಳಷ್ಟು ಒತ್ತಿದರೂ ಗಾಳಿ ನುಗ್ಗುತ್ತದೆ, ಕಾಲಿಗೆ ಹದವೇ ಸಿಗುವುದಿಲ್ಲ. ನನ್ನ ಅಭಿಪ್ರಾಯದಲ್ಲಿ ರಸ್ತೆಯಲ್ಲಿ ಓಡುವ 1300 ಸಿಸಿ ಎಂಜಿನ್ನಿಗೆ ಅದು ಸುಮ್ನೆ ದುಡ್ಡು ದಂಡ. ಹಳೆಯದನ್ನೇ ವಾಪಸ್ ಹಾಕಿ ಟೇಬಲ್ ತಿದ್ದಿಕೊಂಡೆ. ಅರ್ಧ ಕುಪ್ಪಳಿಸಾಟ ಅವತ್ತೇ ನಿಂತಿತು. ಆಮೇಲೆ ಚಾರ್ಮಾಡಿ ಘಾಟಿ ಇಳಿದು ಹತ್ತಿ ಬಂದೆ. ಎತ್ತರ ಬದಲಾದರೂ ಐಡ್ಲಿಂಗ್ ಅಲ್ಲಾಡಲಿಲ್ಲ.

ಉಳಿಯುವುದು ಬೆಳಗಿನ ಸ್ಟಾರ್ಟಿಂಗ್. ಇದನ್ನು ಆತುರದಲ್ಲಿ ಮಾಡಲು ಆಗುವುದಿಲ್ಲ. ಎಂಜಿನ್ ಇಡೀ ರಾತ್ರಿ ತಣ್ಣಗಾಗಬೇಕು, ಬೆಳಿಗ್ಗೆ ಸಿಗುವುದು ಒಂದೇ ಅವಕಾಶ. ಬಿಸಿಯಾಗುವ ಒಂದೊಂದು ಹಂತದಲ್ಲೂ ಎಷ್ಟು ಪೆಟ್ರೋಲ್, ಎಷ್ಟು ಗಾಳಿ ಬೇಕಾಯಿತು ಎಂದು ಬರೆದುಕೊಂಡು, ತಿದ್ದಿ, ಮರುದಿನ ನೋಡಬೇಕು. ನನಗೆ ಐದು ಬೆಳಗು ಬೇಕಾಯಿತು. ಐದನೇ ದಿನ ಮೊದಲ ಸೆಲ್ಫ್‌ಗೇ ಸ್ಟಾರ್ಟ್ ಆಗಿ 1200ರಲ್ಲಿ ನಿಂತಿತು. ಪಕ್ಕದ ಮನೆಯ ಆಂಟಿ ಗೇಟಿನ ಹತ್ತಿರ ಬಂದು ‘ಗಾಡಿ ಮಾರಿಬಿಟ್ರಾ? ಸದ್ದೇ ಇಲ್ಲ’ ಎಂದು ಕೇಳಿದರು.