ಅಲ್ಯೂಮಿನಿಯಂ ವಿದ್ಯುದ್ವಿಭಜನೆಯಲ್ಲಿ ಪ್ರವಾಹ ದಕ್ಷತೆಯನ್ನು ಕಾಯ್ದುಕೊಳ್ಳುವ ಬಗೆ

ಫ್ಯಾರಡೆಯ ನಿಯಮದಂತೆ ಒಂದು ಕಿಲೋ ಆಂಪಿಯರ್ ಪ್ರವಾಹವು ಒಂದು ದಿನದಲ್ಲಿ ಸುಮಾರು 8.05 ಕಿಲೋಗ್ರಾಂ ಅಲ್ಯೂಮಿನಿಯಂ ನೀಡಬೇಕು. ಹಾಗಾದರೆ 300 ಕಿಲೋ ಆಂಪಿಯರ್ ವಿದ್ಯುದ್ವಿಭಜನಾ ಸೆಲ್‌ನಿಂದ ದಿನಕ್ಕೆ 2415 ಕಿಲೋಗ್ರಾಂ ಲೋಹ ಬರಬೇಕು, ದಕ್ಷತೆ ಶೇ. 94 ಇದ್ದರೆ ಕೈಸೇರುವುದು 2270 ಮಾತ್ರ. ಉಳಿದುದರಲ್ಲಿ ಬಹುಪಾಲು ಉತ್ಪತ್ತಿಯಾಗದೆ ಹೋದದ್ದಲ್ಲ, ಉತ್ಪತ್ತಿಯಾದ ಮೇಲೆ ಕಳೆದುಹೋದದ್ದು. ಲೋಹದ ಅಲ್ಪಾಂಶ ಕ್ರಯೋಲೈಟ್ ದ್ರಾವಣದಲ್ಲಿ (ಅಲ್ಯೂಮಿನಾ, ಅಂದರೆ ಅಲ್ಯೂಮಿನಿಯಂ ಆಕ್ಸೈಡ್, ಕರಗಿರುವ ಕಾದ ಫ್ಲೋರೈಡ್ ಲವಣದ ದ್ರವದಲ್ಲಿ) ಕರಗಿ, ಮೇಲಿನ ಇಂಗಾಲದ ವಿದ್ಯುದ್ವಾರವಾದ ಆನೋಡಿನಡಿಯ ಇಂಗಾಲದ ಡೈಆಕ್ಸೈಡ್ ಗುಳ್ಳೆಗಳನ್ನು ಸೇರಿ ಮತ್ತೆ ಅಲ್ಯೂಮಿನಾ ಆಗುತ್ತದೆ. ಆದ್ದರಿಂದ ಯಾವುದೇ ಹೊಂದಾಣಿಕೆಗೆ ಮುನ್ನ, ಅದು ಲೋಹ ಕರಗುವುದನ್ನು ಹೆಚ್ಚಿಸುವುದೇ ಅಥವಾ ಕರಗಿದ ಲೋಹವನ್ನು ಅನಿಲದತ್ತ ಬೇಗ ಒಯ್ಯುವುದೇ ಎಂದು ಕೇಳಿಕೊಳ್ಳಬೇಕು.

ಮೊದಲು ತಾಪಮಾನವನ್ನು ನೋಡಿರಿ. ಸೆಲ್‌ಗಳು ಸಾಮಾನ್ಯವಾಗಿ 955ರಿಂದ 965 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ನಡೆಯುತ್ತವೆ; ಅಲ್ಲಿಂದ 10 ಡಿಗ್ರಿ ಏರಿದರೆ ದಕ್ಷತೆ ಶೇ. 1.5ರಿಂದ 2ರಷ್ಟು ಕುಸಿಯಬಹುದು. ಕ್ರಯೋಲೈಟಿನಲ್ಲಿರುವುದರ ಮೇಲೆ ಸೇರಿಸುವ ಅಲ್ಯೂಮಿನಿಯಂ ಫ್ಲೋರೈಡಿನ ಹೆಚ್ಚುವರಿ ಪ್ರಮಾಣವನ್ನು ಶೇ. 10–12ರಲ್ಲಿ ಇರಿಸಿದರೆ ದ್ರಾವಣದ ಘನೀಕರಣ ಬಿಂದುವೂ ಲೋಹದ ಕರಗುವಿಕೆಯೂ ಇಳಿಯುತ್ತವೆ. ಆದರೆ ಅದರೊಂದಿಗೆ ಅಲ್ಯೂಮಿನಾ ಕರಗುವ ಶಕ್ತಿಯೂ ತಗ್ಗುವುದರಿಂದ ಮಿತಿ ಮೀರುವಂತಿಲ್ಲ. ಸೇರಿಸಿದ ಫ್ಲೋರೈಡಿನ ಫಲ ಕೂಡಲೇ ಕಾಣುವುದಿಲ್ಲ. ಒಂದೇ ಅಳತೆಯನ್ನು ನಂಬಿ ಮತ್ತಷ್ಟು ಸುರಿಯುವುದು ನನ್ನ ದೃಷ್ಟಿಯಲ್ಲಿ ಅತ್ಯಂತ ದುಬಾರಿ ಅವಸರ.

ಆನೋಡಿಗೂ ತಳದಲ್ಲಿ ನಿಂತ ದ್ರವ ಲೋಹಕ್ಕೂ ನಡುವಿನ ಅಂತರ ಸುಮಾರು 4ರಿಂದ 5 ಸೆಂಟಿಮೀಟರ್. ವೋಲ್ಟೇಜ್ ಉಳಿಸಲು ಅದನ್ನು ತಗ್ಗಿಸುವ ಆಸೆ ಸಹಜ, ಆದರೆ ಲೋಹದ ಮೇಲ್ಮೈ ಶಾಂತವಾಗಿಲ್ಲದಿದ್ದರೆ ಉಳಿಸಿದ್ದಕ್ಕಿಂತ ಕಳೆದುಕೊಳ್ಳುವುದೇ ಹೆಚ್ಚು. ಲೋಹದಲ್ಲಿ ಅಡ್ಡಲಾಗಿ ಹರಿಯುವ ಪ್ರವಾಹವು ಲಂಬ ಕಾಂತಕ್ಷೇತ್ರದೊಡನೆ ಸೇರಿದಾಗ ಅಲೆಗಳು ಏಳುತ್ತವೆ. ಸೆಲ್ ವೋಲ್ಟೇಜಿನ ತೂಗಾಟವೇ ಅದರ ಕುರುಹು. ಇಂಥ ಸೆಲ್‌ನಲ್ಲಿ ಮೊದಲು ಆನೋಡುಗಳನ್ನು ತುಸು ಮೇಲೆತ್ತಿ, ಆಮೇಲೆ ಕಾರಣ ಹುಡುಕಿರಿ. ಪ್ರತಿ ಆನೋಡ್ ದಂಡದ ಮಿಲಿವೋಲ್ಟ್ ಇಳಿತವನ್ನು ಅಳೆದರೆ ಯಾವುದು ಅತಿಯಾಗಿ ಪ್ರವಾಹ ಎಳೆಯುತ್ತಿದೆ ಎಂದು ತಿಳಿಯುತ್ತದೆ. ಹೊಸದಾಗಿ ಇಟ್ಟ ತಣ್ಣನೆಯ ಆನೋಡ್ ಆರಂಭದಲ್ಲಿ ಕಡಿಮೆ ಎಳೆಯುವುದು ಸಹಜ; ಅದನ್ನು ದೋಷವೆಂದು ಕೆಳಗಿಳಿಸಬೇಡಿ. ದಂಡಗಳೆಲ್ಲ ಸರಿಯಿದ್ದರೆ ತಳದ ವಿದ್ಯುದ್ವಾರವಾದ ಕ್ಯಾಥೋಡಿನ ಮೇಲೆ ಕರಗದ ಅಲ್ಯೂಮಿನಾದ ಕೆಸರು ಕೂತಿದೆಯೇ, ಅಂಚಿನಲ್ಲಿ ಹೆಪ್ಪುಗಟ್ಟಿದ ದ್ರಾವಣ ಒಳಕ್ಕೆ ಚಾಚಿದೆಯೇ ಎಂದು ಪರೀಕ್ಷಿಸಿರಿ.

ಕೆಸರಿನ ಮೂಲ ಹೆಚ್ಚಾಗಿ ಅಲ್ಯೂಮಿನಾ ಉಣಿಕೆಯಲ್ಲಿರುತ್ತದೆ. ಶೇ. 2–4ರ ಸಾಂದ್ರತೆಯನ್ನು ಸಣ್ಣ ಸಣ್ಣ ಪ್ರಮಾಣದ ಉಣಿಕೆಯಿಂದ ಕಾಯ್ದುಕೊಂಡರೆ ಆನೋಡ್ ಪರಿಣಾಮವೂ (ಅಲ್ಯೂಮಿನಾ ಸಾಲದೆ ವೋಲ್ಟೇಜ್ ಥಟ್ಟನೆ ಏರುವುದು) ಕೆಸರೂ ದೂರವಿರುತ್ತವೆ.

ಕಲ್ಮಶಗಳಲ್ಲಿ ರಂಜಕವನ್ನು ವಿಶೇಷವಾಗಿ ಗಮನಿಸಬೇಕು: ದ್ರಾವಣದಲ್ಲಿ ಅದು ಶೇ. 0.01 ಹೆಚ್ಚಿದರೂ ದಕ್ಷತೆ ಸುಮಾರು ಶೇ. 1 ತಗ್ಗುತ್ತದೆ. ಹೊಗೆಯನ್ನು ಅಲ್ಯೂಮಿನಾದಿಂದ ಶುದ್ಧೀಕರಿಸುವ ಘಟಕದಲ್ಲಿ ಸಿಕ್ಕಿಬಿದ್ದ ರಂಜಕ ಅದೇ ಅಲ್ಯೂಮಿನಾದೊಂದಿಗೆ ಸೆಲ್‌ಗೆ ಮರಳುತ್ತದೆ.

ಒಂದು ದಿನ ಹೊರತೆಗೆದ ಲೋಹದ ತೂಕದಿಂದ ದಕ್ಷತೆಯನ್ನು ನಿರ್ಣಯಿಸಬಾರದು, ಏಕೆಂದರೆ ಸೆಲ್ ಒಳಗೆ ಉಳಿದ ಲೋಹದ ಪ್ರಮಾಣ ಬದಲಾಗುತ್ತಿರುತ್ತದೆ. ತಿಂಗಳುಗಳ ಲೆಕ್ಕವನ್ನು ಹಿಡಿಯಿರಿ, ಇಲ್ಲವೇ ತಿಳಿದ ಪ್ರಮಾಣದ ತಾಮ್ರ ಬೆರೆಸಿ ಅದು ತೆಳುವಾಗುವ ಪರಿಯನ್ನು ಅಳೆಯಿರಿ. ಹೊರಬರುವ ಅನಿಲದ ಡೈಆಕ್ಸೈಡ್ ಶೇಕಡಾಂಶದ ಅರ್ಧಕ್ಕೆ 50 ಕೂಡಿಸುವ ಸೂತ್ರವೂ ಇದೆ. ಬಿಸಿ ಇಂಗಾಲವೇ ಡೈಆಕ್ಸೈಡನ್ನು ಮೊನಾಕ್ಸೈಡಾಗಿ ಮಾರ್ಪಡಿಸಿದಾಗ ಈ ಅಂಕಿ ನಿಜಕ್ಕಿಂತ ಕೆಳಗೆ ಬರುವುದರಿಂದ, ಅದನ್ನು ಏರಿಳಿತ ಗುರುತಿಸಲು ಮಾತ್ರ ಬಳಸಿರಿ.