ಕೇರ್ ಹೋಮ್ ಬಿಲ್‌ನಿಂದ ಎನ್‌ಎಚ್‌ಎಸ್ ಹಣವನ್ನು ಕಡಿತ ಮಾಡಿದ್ದಾರಾ? ಹೀಗೆ ನೋಡಿ

ಇಂಗ್ಲೆಂಡ್‌ನಲ್ಲಿ ಅಪ್ಪನನ್ನೋ ಅಮ್ಮನನ್ನೋ ನರ್ಸ್‌ಗಳಿರುವ ಕೇರ್ ಹೋಮ್‌ಗೆ ಸೇರಿಸಿ, ಫೀಸು ನೀವೇ ಕಟ್ಟುತ್ತಿದ್ದೀರಾ? ಹಾಗಾದರೆ ಎಫ್‌ಎನ್‌ಸಿ (ಫಂಡೆಡ್ ನರ್ಸಿಂಗ್ ಕೇರ್) ಬರುತ್ತಿದೆಯಾ ಅಂತ ಮೊದಲು ವಿಚಾರಿಸಿ. ರಿಜಿಸ್ಟರ್ಡ್ ನರ್ಸ್ ಮಾಡುವ ಆರೈಕೆಗೆ ಎನ್‌ಎಚ್‌ಎಸ್, ಅಂದರೆ ಅಲ್ಲಿನ ಸರ್ಕಾರಿ ಆರೋಗ್ಯ ಸೇವೆ, ಕೊಡುವ ಹಣ ಇದು. 2025-26ರಲ್ಲಿ ಸಾಮಾನ್ಯ ದರ ವಾರಕ್ಕೆ 254.06 ಪೌಂಡ್ ಇತ್ತು. ಆಸ್ತಿ, ಉಳಿತಾಯ ಎಷ್ಟಿದೆ ಅಂತ ನೋಡುವುದಿಲ್ಲ. ಮನೆ ಮಾರಿದ ದುಡ್ಡು ಬ್ಯಾಂಕಿನಲ್ಲಿದ್ದರೂ ಸಿಗುತ್ತದೆ.

ಆದರೆ ಹಣ ನಿಮ್ಮ ಕೈಗೆ ಬರುವುದಿಲ್ಲ, ನೇರವಾಗಿ ಹೋಮ್‌ಗೆ ಹೋಗುತ್ತದೆ. ತಕರಾರು ಹುಟ್ಟುವುದೇ ಇಲ್ಲಿ.

ಫೀಸು ವಾರಕ್ಕೆ 1,500 ಪೌಂಡ್ ಅಂದುಕೊಳ್ಳಿ. ಕರಾರಿನಲ್ಲಿ 'ಎಫ್‌ಎನ್‌ಸಿ ಸೇರಿ 1,500' ಅಂತಿದ್ದರೆ ಆ ದರದಲ್ಲಿ ನೀವು ಕಟ್ಟಬೇಕಾದ್ದು 1,245.94 ಮಾತ್ರ. 'ಎಫ್‌ಎನ್‌ಸಿ ಬಿಟ್ಟು 1,500' ಅಂತಿದ್ದರೆ ನೀವು ಪೂರ್ತಿ 1,500 ಕಟ್ಟುತ್ತೀರಿ, ಎನ್‌ಎಚ್‌ಎಸ್ ಹಣ ಅದರ ಮೇಲೆ ಹೋಮ್‌ಗೆ ಸೇರುತ್ತದೆ, ನಿಮಗೆ ಒಂದು ಪೆನ್ನಿಯೂ ಉಳಿಯುವುದಿಲ್ಲ. ಎರಡೂ ರೀತಿಯ ಕರಾರುಗಳು ಚಾಲ್ತಿಯಲ್ಲಿವೆ. ಹಾಗಾಗಿ ಸಹಿ ಹಾಕುವ ಮೊದಲೇ ಮ್ಯಾನೇಜರ್ ಹತ್ತಿರ ಕೇಳಿ, ಉತ್ತರವನ್ನು ಇಮೇಲ್‌ನಲ್ಲೇ ತರಿಸಿಕೊಳ್ಳಿ. ಬಾಯಿಮಾತು ನೆಚ್ಚಿಕೊಳ್ಳಬೇಡಿ. ಇನ್ನೂ ಮೂರು ಪ್ರಶ್ನೆ ಕೇಳುವುದು ಒಳ್ಳೆಯದು: ದರ ಏರಿದಾಗ ನನ್ನ ಬಿಲ್ ಇಳಿಯುತ್ತದಾ, ಹಿಂದಿನ ವಾರಗಳ ಬಾಕಿ ಒಟ್ಟಿಗೆ ಬಂದರೆ ನಾನು ಆಗಲೇ ಕಟ್ಟಿದ್ದನ್ನು ವಾಪಸ್ ಕೊಡುತ್ತೀರಾ, ಅಮ್ಮ ಆಸ್ಪತ್ರೆ ಸೇರಿದಾಗ ಎಫ್‌ಎನ್‌ಸಿ ನಿಂತರೆ ಆ ಕೊರತೆಯನ್ನು ಯಾರು ತುಂಬಬೇಕು? ಈ ಕೊನೆಯದನ್ನು ಜನ ಕೇಳುವುದೇ ಇಲ್ಲ.

ಎಫ್‌ಎನ್‌ಸಿ ಇನ್ನೂ ಶುರುವಾಗಿಲ್ಲ ಅಂದರೆ ಹೋಮ್‌ನವರಿಗೋ ನಿಮ್ಮ ಪ್ರದೇಶದ ಇಂಟಿಗ್ರೇಟೆಡ್ ಕೇರ್ ಬೋರ್ಡ್‌ಗೋ (ಎನ್‌ಎಚ್‌ಎಸ್‌ನ ಸ್ಥಳೀಯ ಮಂಡಳಿ) ಹೇಳಿ ಅಸೆಸ್‌ಮೆಂಟ್ ಮಾಡಿಸಿ. ಅದಕ್ಕೂ ಮೊದಲು ಕಂಟಿನ್ಯೂಯಿಂಗ್ ಹೆಲ್ತ್‌ಕೇರ್ (ಆರೋಗ್ಯದ ಅಗತ್ಯ ತೀರಾ ಹೆಚ್ಚಿರುವವರಿಗೆ ಎನ್‌ಎಚ್‌ಎಸ್ ಕೊಡುವ ಪೂರ್ಣ ನೆರವು) ಸಿಗಬಹುದಾ ಅಂತ ನೋಡಲೇಬೇಕು. ಅದು ಸಿಕ್ಕರೆ ಆರೈಕೆ, ವಸತಿ ಎರಡರ ಖರ್ಚನ್ನೂ ಎನ್‌ಎಚ್‌ಎಸ್ಸೇ ಭರಿಸುತ್ತದೆ. 'ಸುಮ್ನೆ ಎಫ್‌ಎನ್‌ಸಿ ತಗೊಳ್ಳಿ, ಸಾಕು' ಅಂತ ಯಾರಾದರೂ ಅಂದರೆ ಒಪ್ಪಬೇಡಿ. ಎಫ್‌ಎನ್‌ಸಿ ಶುರುವಾದ ಮೂರು ತಿಂಗಳೊಳಗೆ ಒಂದು ಮರುಪರಿಶೀಲನೆ ಇರುತ್ತದೆ, ಆಮೇಲೆ ವರ್ಷಕ್ಕೊಮ್ಮೆ. ಆರೋಗ್ಯ ಹದಗೆಟ್ಟಿದ್ದರೆ ಆಗ ಕಂಟಿನ್ಯೂಯಿಂಗ್ ಹೆಲ್ತ್‌ಕೇರ್ ಬಗ್ಗೆ ಮತ್ತೆ ಕೇಳಿ.

ಸ್ಕಾಟ್ಲೆಂಡ್, ವೇಲ್ಸ್, ಉತ್ತರ ಐರ್ಲೆಂಡ್‌ಗಳ ನಿಯಮ ಬೇರೆ.

ಅಟೆಂಡೆನ್ಸ್ ಅಲೋವೆನ್ಸ್ (ಆರೈಕೆ ಬೇಕಾದ ಹಿರಿಯರಿಗೆ ಸರ್ಕಾರ ಕೊಡುವ ಭತ್ಯೆ) ಬರುತ್ತಿದ್ದರೆ ಗಾಬರಿ ಬೇಡ. ಸ್ವಂತ ಹಣದಲ್ಲಿ ಫೀಸು ಕಟ್ಟುವವರಿಗೆ ಎಫ್‌ಎನ್‌ಸಿ ಬಂತು ಅನ್ನುವ ಕಾರಣಕ್ಕೆ ಅದು ನಿಲ್ಲುವುದಿಲ್ಲ.